ಕಾಲಿಗೆ ತಕ್ಕ ಜೋಡು

ನಮ್ಮ ತೋಟದ ಪಂಪುಮನೆಯ ಗೋಡೆಯಲ್ಲಿ ಒಂದು ಮೊಳೆಯಿದೆ. ಕಳೆದ ವರ್ಷದ ಶ್ರಾವಣದವರೆಗೆ ಆ ಮೊಳೆಯಲ್ಲಿ ಒಂದು ಜೊತೆ ಹೊಸ ಬೂಟುಗಳು ತೂಗುತ್ತಿದ್ದುವು. ಅವುಗಳ ಮೇಲೆ ಕಣ್ಣು ಬಿದ್ದಾಗಲೆಲ್ಲ ನಮಗೆ ಒಂದು ಬಗೆಯ ಸಮಾಧಾನವಾಗುತ್ತಿದ್ದಿತು. ನಮ್ಮಿಂದ ಆಗಬೇಕಾದುದನ್ನು ನಾವು ಮಾಡಿದ್ದೇವೆ ಎಂಬ ಸಮಾಧಾನ ಅದು. ಕಾಲಿನಲ್ಲಿರಬೇಕಾದ ಬೂಟು ಮೊಳೆಯಲ್ಲಿ ಏಕಿದೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಒಂದು ದಿನವೂ ಹಾಕಿಕೊಳ್ಳಲಿಲ್ಲ. ಮಕ್ಕಳಿಗೆ ಪ್ರಶ್ನೆ ಹಾಕುವುದನ್ನೇ ವೃತ್ತಿಯಾಗಿ ಮಾಡಿಕೊಂಡು ಆಯುಷ್ಯದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕಳೆದವರಿಗೆ ಈ ಸಣ್ಣ ಪ್ರಶ್ನೆ ಹೊಳೆಯದೆ ಹೋದದ್ದರಿಂದ ಏನಾಯಿತೆಂಬುದನ್ನು ವಾಚಕಮಹಾಶಯರಲ್ಲಿ ಬಿನ್ನವಿಸುವುದಕ್ಕಾಗಿಯೇ ಈ ನಾಲ್ಕು ಮಾತು.

ನಮ್ಮ ಊರು ಗುಬ್ಬಿ ತಾಲ್ಲೂಕಿನ ಹಾಗಲವಾಡಿ. ಒಂದು ಕಾಲದಲ್ಲಿ ಇದು ಪಾಳೆಯಗಾರರ ಊರಾಗಿದ್ದಿತು. ಈಗ ತೆಂಗು, ಅಡಕೆ, ರಾಗಿಗಳನ್ನು ನಂಬಿ ಬಾಳುತ್ತಿದೆ. ಸಂಸ್ಕೃತವನ್ನೋದಿ, ಪ್ರೌಢಶಾಲೆಗಳಲ್ಲಿ ಉಪಾಧ್ಯಾಯರಾಗಿದ್ದು, ಅರವತ್ತು ತುಂಬಿದೊಡನೆ ನಿವೃತ್ತರಾಗಿ ಬಂದು, ತಂದೆಯವರು ಬಿಟ್ಟುಹೋದ ಎರಡೆಕರೆ ತೋಟವನ್ನು ನೋಡಿಕೊಂಡಿದ್ದೇವೆ. ನೋಡಿಕೊಳ್ಳುವುದೆಂದರೆ ಜಗಲಿಯಲ್ಲಿ ಕುಳಿತು ಲೆಕ್ಕ ಬರೆಯುವುದು. ಮರದ ಬುಡ ಬಿಡಿಸುವುದು, ನೀರು ಕಟ್ಟುವುದು, ಬಿದ್ದ ಗರಿಗಳನ್ನು ಆಯ್ದು ಒಟ್ಟುವುದು, ಹಾರೆಯಲ್ಲಿ ಕಾಯಿ ಸುಲಿಯುವುದು, ಇವೆಲ್ಲ ಇನ್ನೊಬ್ಬರ ಕೈಕಾಲುಗಳ ಕೆಲಸ.

ಆ ಇನ್ನೊಬ್ಬನು ನಮ್ಮ ಸಹಪಾಠಿ. ಊರಿನ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ನಾವಿಬ್ಬರೂ ಒಂದೇ ಮಣೆಯ ಮೇಲೆ ಕುಳಿತವರು. ಮಗ್ಗಿಯಲ್ಲಿ ಆತನು ನಮಗಿಂತ ಚುರುಕು. ಐದನೆಯ ತರಗತಿಗೆ ನಾವು ಹೋದೆವು, ಆತನು ಕೂಲಿಗೆ ಹೋದನು. ಐವತ್ತು ವರ್ಷಗಳ ಮೇಲೆ ಮತ್ತೆ ಒಂದೇ ತೋಟದಲ್ಲಿ ಕಲೆತಿದ್ದೇವೆ. ನಾವು ಆತನನ್ನು ‘ನೀನು’ ಎನ್ನುತ್ತೇವೆ. ಆತನು ನಮ್ಮನ್ನು ‘ಮೇಷ್ಟ್ರೇ, ನೀವು’ ಎನ್ನುತ್ತಾನೆ. ಒಂದೇ ಮಣೆಯಲ್ಲಿ ಕುಳಿತವರ ನಡುವೆ ಈ ಭೇದವು ಯಾವಾಗ ಬಂದು ಸೇರಿತೋ ಇಬ್ಬರಿಗೂ ನೆನಪಿಲ್ಲ.

ಎರಡು ವರ್ಷಗಳ ಹಿಂದೆ ಒಂದು ದಿನ ಪೇಟೆಯಲ್ಲಿ ಹೋಗುತ್ತಿರುವಾಗ ರಸ್ತೆಯ ಬದಿಯಲ್ಲಿ ಬೂಟುಗಳ ರಾಶಿ ಹಾಕಿಕೊಂಡು ಒಬ್ಬನು ಮಾರುತ್ತಿದ್ದನು. ಬರಿಗಾಲಿನಲ್ಲಿ ತೋಟ ತಿರುಗುವ ಆತನ ನೆನಪು ನಮಗೆ ಬಂದಿತು. ‘ಎತ್ತರದಲ್ಲಿ ನಮ್ಮಂತೆಯೇ ಇದ್ದಾನೆ, ಆದಕಾರಣ ನಮ್ಮ ಅಳತೆಯೇ ಆತನಿಗೂ ಸರಿ’ ಎಂದು ಊಹಿಸಿ, 8ನೆಯ ನಂಬರಿನ ಒಂದು ಜೊತೆಯನ್ನು 360 ರೂಪಾಯಿ ಕೊಟ್ಟು ತಂದೆವು. ತರ್ಕಶಾಸ್ತ್ರವನ್ನು ಸ್ವಲ್ಪ ಓದಿರುವ ನಮಗೆ ಈ ಅನುಮಾನದಲ್ಲಿ ಹೇತುವೇ ಇಲ್ಲವೆಂದು ತೋರಬೇಕಾಗಿದ್ದಿತು, ತೋರಲಿಲ್ಲ. ಆತನು ಎರಡು ಕೈಯಲ್ಲಿಯೂ ತೆಗೆದುಕೊಂಡು ಕಣ್ಣಿಗೊತ್ತಿಕೊಂಡನು. ನಾಲ್ಕು ದಿನ ಹಾಕಿದನು. ಐದನೆಯ ದಿನ ಅವು ಮೊಳೆಗೆ ಹೋದುವು. ಕಾರಣ ಕೇಳಿದಾಗ, “ಇರ್ಲಿ ಬಿಡಿ ಮೇಷ್ಟ್ರೇ, ಹೊಸವು, ಸುಮ್ನೆ ಹಾಳಾಗ್ತವೆ” ಎಂದನು. ಬಡವನ ಮಿತವ್ಯಯವೆಂದು ನಾವು ಮೆಚ್ಚಿಕೊಂಡೆವು.

ಹೀಗಿರಲು ಕಳೆದ ವರ್ಷ ಆಶ್ಲೇಷಾ ಮಳೆ ಹಿಡಿಯಿತು. ಆಶ್ಲೇಷೆಗೆ ಸರ್ಪಗಳೇ ದೇವತೆಯೆಂದು ಜ್ಯೌತಿಷದಲ್ಲಿ ಹೇಳಿದೆ. ಅದು ಹೇಗೇ ಇರಲಿ, ಆ ಮಳೆಯ ಕಾಲದಲ್ಲಿ ಹುಲ್ಲು ಮೊಣಕಾಲೆತ್ತರಕ್ಕೆ ಬೆಳೆದಿರುತ್ತದೆ, ಇಲಿಗಳು ಗರಿಯ ರಾಶಿಯಲ್ಲಿ ಸೇರಿರುತ್ತವೆ, ಇಲಿಗಳ ಹಿಂದೆ ಹಾವೂ ಬರುತ್ತದೆ. ಸಂಜೆ ಐದೂವರೆಯ ಹೊತ್ತಿನಲ್ಲಿ ನೆನೆದ ಗರಿಯೊಂದನ್ನು ಎಳೆಯಹೋದ ನಮ್ಮ ಸಹಪಾಠಿಯ ಬಲಗಾಲಿನ ಹರಡಿನ ಕೆಳಗೆ ಕೊಳಕುಮಂಡಲ ಕಡಿಯಿತು. ಬೂಟುಗಳು ಅಲ್ಲಿಂದ ಮೂವತ್ತು ಮಾರು ದೂರದಲ್ಲಿ ಮೊಳೆಯ ಮೇಲಿದ್ದುವು.

ಕೂಗು ಕೇಳಿ ಜನ ಸೇರಿದರು. ಒಬ್ಬರು ಹಗ್ಗ ಬಿಗಿಯಬೇಕೆಂದರು, ಒಬ್ಬರು ಬ್ಲೇಡಿನಿಂದ ಕೊಯ್ಯಬೇಕೆಂದರು, ಒಬ್ಬರು ಮಂತ್ರ ಹಾಕುವವರ ಹೆಸರು ಹೇಳಿದರು. ನಮ್ಮಲ್ಲಿ ಓದಿದ ಹುಡುಗನೊಬ್ಬನು ಇವರೆಲ್ಲರನ್ನೂ ತಡೆದು, ಕಾಲನ್ನು ಅಲುಗಿಸದಂತೆ ಒಂದು ಹಲಗೆಗೆ ಸಡಿಲವಾಗಿ ಕಟ್ಟಿ, ತನ್ನ ಕಾರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟನು. ವೈದ್ಯರು ರಕ್ತವನ್ನು ಒಂದು ಗಾಜಿನ ನಳಿಗೆಯಲ್ಲಿ ತೆಗೆದು 20 ನಿಮಿಷ ಅಲುಗಿಸದೆ ಇಟ್ಟರು. ಆರೋಗ್ಯವಂತನ ರಕ್ತವಾದರೆ ಅಷ್ಟು ಹೊತ್ತಿನಲ್ಲಿ ಹೆಪ್ಪುಗಟ್ಟಬೇಕು. ಆತನ ರಕ್ತ ನೀರಿನಂತೆ ಹರಿಯಿತು. ಕೂಡಲೇ ವಿಷಪ್ರತಿರೋಧಕವನ್ನು ಕೊಡಲಾರಂಭಿಸಿದರು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಆತನು ಬದುಕಿ ಬಂದನು.

ಎಲ್ಲರೂ ಹಾಗೆ ಬದುಕಿ ಬರುವುದಿಲ್ಲ. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ, ಎಂದರೆ ವರ್ಷಕ್ಕೆ ಸರಾಸರಿ 58,000 ಜನ, ಹಾವಿನ ಕಡಿತದಿಂದ ಮೃತಪಟ್ಟರೆಂದು 2020ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಅಧ್ಯಯನವು ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಹಳ್ಳಿಯವರು, ಮಳೆಗಾಲದಲ್ಲಿ ಹೊಲಗದ್ದೆಗಳಲ್ಲಿ ದುಡಿಯುವವರು. 2024ರಲ್ಲಿ ನಮ್ಮ ಕರ್ನಾಟಕ ಸರ್ಕಾರವು ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡತಕ್ಕದ್ದೆಂದು ಗೊತ್ತುಮಾಡಿತು. ಕಡಿತವು ಹೆಚ್ಚಾಗಿ ಆಗುವುದು ಪಾದ ಮತ್ತು ಮೊಣಕಾಲಿನ ಕೆಳಗಿನ ಭಾಗಕ್ಕೆ. ಆದುದರಿಂದ ದುಡಿಯುವವನ ಕಾಲಿನ ಜೋಡು ಅಲಂಕಾರದ ವಸ್ತುವಲ್ಲ. ಗುದ್ದಲಿ ಕುಡುಗೋಲುಗಳಂತೆ ಅದೂ ಒಂದು ಸಲಕರಣೆ. ಈ ವಿಷಯ ನಮಗೆ ತಿಳಿಯದೇ ಇದ್ದಿತೆ? ತಿಳಿದೇ ಇದ್ದಿತು. ತಿಳಿದಿದ್ದುದರಿಂದಲೇ ಬೂಟು ತಂದಿದ್ದೆವು.

ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕುಳಿತಿದ್ದಾಗ ಆತನ ಪಾದಗಳನ್ನು ನಾವು ಮೊದಲ ಸಲ ಚೆನ್ನಾಗಿ ನೋಡಿದೆವು. ಬಲಗಾಲು ಬಾತು ಹೊಳೆಯುತ್ತಿದ್ದಿತು. ಎಡಗಾಲಿನ ಕಿರುಬೆರಳ ಮೇಲೆಯೂ ಹಿಮ್ಮಡಿಯ ಹಿಂದೆಯೂ ನಾಣ್ಯದಷ್ಟಗಲದ ಹಳೆಯ ಗಾಯದ ಕಲೆಗಳಿದ್ದುವು. ಇದೇನೆಂದು ಕೇಳಿದೆವು. ಆತನು ನಕ್ಕು, “ಹಾವು ಕಚ್ಚಿದ್ದು ಒಂದು ಸಲ ಮೇಷ್ಟ್ರೇ, ನಿಮ್ಮ ಬೂಟು ಕಚ್ಚಿದ್ದು ನಾಲ್ಕು ದಿನ” ಎಂದನು. ಆಗಲೇ ಹೇಳಬಾರದಾಗಿದ್ದಿತೆ ಎಂದುದಕ್ಕೆ, “ಕೊಟ್ಟಿದ್ದನ್ನ ಕಚ್ತದೆ ಅಂತ ಹೆಂಗೆ ಹೇಳೋದು?” ಎಂದು ಗೋಡೆಯ ಕಡೆಗೆ ತಿರುಗಿಕೊಂಡನು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಎರಡು ಸಂಗತಿಗಳು ಮನಸ್ಸನ್ನು ಕೊರೆಯುತ್ತಿದ್ದುವು.

ಮೊದಲನೆಯದು ಶಾಲೆಯ ಸಂಗತಿ. 2015–16ನೆಯ ಸಾಲಿನಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಕಾಲುಚೀಲಗಳನ್ನು ಕೊಡುವ ಏರ್ಪಾಡು ಬಂದಾಗ, ನಮ್ಮ ಶಾಲೆಯಲ್ಲಿ ಅಳತೆ ತೆಗೆಯುವ ಕೆಲಸ ನಮ್ಮ ಪಾಲಿಗೆ ಬಂದಿದ್ದಿತು. ಒಂದೊಂದು ಮಗುವನ್ನೂ ಕಾಗದದ ಮೇಲೆ ನಿಲ್ಲಿಸಿ, ಸೀಸದ ಕಡ್ಡಿಯಿಂದ ಪಾದದ ಸುತ್ತ ಗೆರೆ ಎಳೆದು, ಹೆಸರು ಬರೆದುಕೊಂಡಿದ್ದೆವು. ಕಚಗುಳಿಯಾಗಿ ಮಕ್ಕಳು ನಗುತ್ತಿದ್ದುದು ಇನ್ನೂ ಕಿವಿಯಲ್ಲಿದೆ. ಅಷ್ಟು ಮಕ್ಕಳ ಪಾದಗಳನ್ನು ಅಳೆದವರು ನಾವು. ಒಂದೇ ಮಣೆಯಲ್ಲಿ ಕುಳಿತವನ ಪಾದವನ್ನು ಮಾತ್ರ ಅಳೆಯಲಿಲ್ಲ.

ಎರಡನೆಯದು ಅದಕ್ಕಿಂತ ಹಳೆಯದು. ಆತನ ತಂದೆ ಊರಿಗೆಲ್ಲ ಮೆಟ್ಟು ಹೊಲಿದುಕೊಡುತ್ತಿದ್ದವರು. ತಂಗಡಿಯ ತೊಗಟೆಯಲ್ಲಿ ಹದಮಾಡಿದ ತೊಗಲನ್ನು ನಮ್ಮ ಜಗಲಿಯ ಕೆಳಗೆ ಹಾಸಿ, ನಮ್ಮ ತಾತನವರನ್ನು ಅದರ ಮೇಲೆ ನಿಲ್ಲಿಸಿ, ಇದ್ದಿಲಿನ ತುಂಡಿನಿಂದ ಪಾದದ ಸುತ್ತ ಗೆರೆ ಎಳೆದುಕೊಂಡು ಹೋಗುತ್ತಿದ್ದರು. ಹದಿನೈದು ದಿನಕ್ಕೆ ಮೆಟ್ಟು ಬರುತ್ತಿದ್ದಿತು. ವರ್ಷಕ್ಕೊಮ್ಮೆ ಕಣದಲ್ಲಿ ರಾಗಿ ಅಳೆದುಕೊಡುತ್ತಿದ್ದರು. ತಾತನವರ ಮೆಟ್ಟು ಅವರನ್ನು ಎಂದೂ ಕಚ್ಚಿದ್ದಿಲ್ಲ. ಆದರೆ ಅದನ್ನು ಹೊಲಿದವರು ಅದೇ ಜಗಲಿಯ ಮುಂದೆ ಹಾದುಹೋಗುವಾಗ ತಮ್ಮ ಕಾಲಿನದನ್ನು ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಅಸ್ಪೃಶ್ಯತೆಯ ಆಚರಣೆ ಅಪರಾಧವೆಂದು 1955ರಲ್ಲಿಯೇ ಕಾಯಿದೆಯಾಗಿದ್ದಿತು. ನಾವು ಹೇಳುತ್ತಿರುವುದು ಅದಕ್ಕೆ ಹದಿನೈದು ವರ್ಷ ಕಳೆದಮೇಲಿನ ಮಾತು. ಚಿಕ್ಕವರಾಗಿದ್ದ ನಾವು ಅದನ್ನು ದಿನವೂ ನೋಡುತ್ತಿದ್ದೆವು. ಬಿಸಿಲು, ಮಳೆ, ಜಗಲಿಯ ಮುಂದೆ ಕೈಯಲ್ಲಿ ಮೆಟ್ಟು, ಎಲ್ಲವೂ ಲೋಕಸ್ವಭಾವವೆಂದೇ ನಮ್ಮ ಭಾವನೆ. ನಮ್ಮ ಮನೆಯ ಪಾದಗಳ ಅಳತೆ ಅವರ ಮನೆಗೆ ಗೊತ್ತಿದ್ದಿತು. ಅವರ ಮನೆಯ ಪಾದಗಳ ಅಳತೆ ನಮಗೆ ಗೊತ್ತಿರಲಿಲ್ಲ. ನಾವು 8ನೆಯ ನಂಬರನ್ನು ಊಹಿಸಿ ತಂದದ್ದು ಕೇವಲ ಅಜಾಗರೂಕತೆಯಲ್ಲ. ಆ ಹಳೆಯ ಜಗಲಿಯ ಅಭ್ಯಾಸವೂ ಅದರಲ್ಲಿ ಸೇರಿದ್ದಿತು.

ಇಲ್ಲಿ ಸಂಸ್ಕೃತದ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆವು. ಪಾದರಕ್ಷೆಗೆ ‘ಉಪಾನಹ್’ ಎಂದು ಹೆಸರು. ‘ನಹ್’ ಎಂದರೆ ಕಟ್ಟುವುದು. ಕಾಲಿಗೆ ಹತ್ತಿರವಾಗಿ ಕಟ್ಟಿಕೊಳ್ಳುವುದು ಉಪಾನಹ್. ಎರಡು ಸಾವಿರ ವರ್ಷಗಳಿಗೂ ಹಿಂದಿನವನಾದ ಪಾಣಿನಿಮಹರ್ಷಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಇನ್ನೂ ಒಂದು ಶಬ್ದವನ್ನು ಸಾಧಿಸಿಕೊಟ್ಟಿದ್ದಾನೆ: ‘ಅನುಪದೀನಾ’. ಪಾದದ ಅಳತೆಯನ್ನು ಅನುಸರಿಸಿ ಕಟ್ಟಿದ ಜೋಡು ಎಂದು ಅದರ ಅರ್ಥ. ಅಮರಕೋಶದಲ್ಲಿಯೂ ಈ ಶಬ್ದವಿದೆ. ಕಾಲಿಗೆ ಸರಿಹೊಂದುವ ಜೋಡಿಗೆ ಬೇರೆಯೇ ಒಂದು ಹೆಸರು ಬೇಕೆಂದು ಆ ಕಾಲದ ಜನರಿಗೆ ತೋರಿದ್ದಿತು. ನಾವು ಈ ಶಬ್ದವನ್ನು ಎಷ್ಟೋ ಸಲ ಪಾಠ ಹೇಳಿದ್ದೇವೆ. ಶಬ್ದ ನಮ್ಮ ಬಾಯಲ್ಲಿದ್ದಿತು. ಅರ್ಥ ಆಸ್ಪತ್ರೆಯಲ್ಲಿ ಸಿಕ್ಕಿತು.

ಕಾರ್ತಿಕದ ಹೊತ್ತಿಗೆ ಆತನ ಕಾಲಿನ ಬಾವು ಇಳಿದು ಗಾಯ ಮಾಗಿತು. ಆತನ ಮಗನು ತುಮಕೂರಿನ ಬಳಿ ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಮಾಡುತ್ತಾನೆ. ಅವನೂ ನಮ್ಮ ಶಿಷ್ಯನೇ. ಅವನು ಹೇಳಿದನು: “ಸಾರ್, ತುಮಕೂರಿನಲ್ಲಿ ಕೆಲಸಗಾರರ ಷೂಗಳನ್ನೇ ಮಾರುವ ಅಂಗಡಿಯಿದೆ. ಅಪ್ಪನನ್ನೇ ಕರೆದುಕೊಂಡು ಬನ್ನಿ. ಕಾಲು ಇಲ್ಲದೆ ಷೂ ಕೊಳ್ಳಬೇಡಿ.” ಈ ಕೊನೆಯ ಮಾತನ್ನು ನಾವು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆವು. ಪಾದಗಳು ಹಗಲೆಲ್ಲ ನಡೆದು ಸಂಜೆಗೆ ಸ್ವಲ್ಪ ಉಬ್ಬುವುದರಿಂದ ಸಾಯಂಕಾಲದಲ್ಲಿಯೇ ಅಳತೆ ತೆಗೆಯಿಸಬೇಕೆಂದೂ, ಕೆಲಸದಲ್ಲಿ ಹಾಕಿಕೊಳ್ಳುವ ದಪ್ಪ ಕಾಲುಚೀಲವನ್ನು ಜೊತೆಯಲ್ಲಿ ತರಬೇಕೆಂದೂ ಅವನು ತಿಳಿಸಿದನು. ಅದರಂತೆ ಒಂದು ಮಧ್ಯಾಹ್ನ ಚೇಳೂರು, ಗುಬ್ಬಿಗಳ ಮೇಲೆ ಬಸ್ಸಿನಲ್ಲಿ ಹೊರಟು ನಾಲ್ಕು ಗಂಟೆಗೆ ತುಮಕೂರನ್ನು ಸೇರಿದೆವು.

ಅಂಗಡಿಯಲ್ಲಿ ಒಂದು ಬೆಂಚು, ಅದರ ಮುಂದೆ ಅಂಕೆಗಳನ್ನು ಬರೆದ ಒಂದು ಅಳತೆಯ ಹಲಗೆ. ನಾವು ಬೆಂಚಿನ ಮೇಲೆ ಕುಳಿತೆವು. ಆತನು ನಿಂತೇ ಇದ್ದನು. ಅಂಗಡಿಯ ಹುಡುಗನು, “ಕೂತ್ಕೊಳಿ ಅಣ್ಣ, ಕಾಲು ಕೊಡಿ” ಎಂದು ನೆಲದ ಮೇಲೆ ಮೊಣಕಾಲೂರಿ ಕೈಚಾಚಿದನು. ಆತನು ನಮ್ಮ ಮುಖ ನೋಡಿದನು. ನಾವು ಪಕ್ಕಕ್ಕೆ ಸರಿದು ಕುಳಿತುಕೊಳ್ಳೆಂದೆವು. ಬೆಂಚಿನ ತುದಿಯಲ್ಲಿ ಅರ್ಧ ಕುಳಿತು, ಹುಡುಗನ ಕೈಯಿಂದ ಕಾಲನ್ನು ಹಿಂದಕ್ಕೆಳೆದುಕೊಂಡು, “ಬ್ಯಾಡ ಸ್ವಾಮಿ, ನಾನೇ ಇಕ್ತೀನಿ, ಕಾಲು ಮುಟ್ಟಬ್ಯಾಡಿ” ಎಂದನು. “ಇದು ನಮ್ಮ ಕೆಲಸ ಅಣ್ಣ” ಎಂದು ಹುಡುಗನು ಆ ಪಾದವನ್ನು ಹಿಡಿದು ಹಲಗೆಯ ಮೇಲಿಟ್ಟನು. ಅರವತ್ತು ವರ್ಷ ನಡೆದ ಆ ಪಾದಗಳ ಅಳತೆಯನ್ನು ಯಾರಾದರೂ ತೆಗೆದದ್ದು ಅದೇ ಮೊದಲು. ನಮ್ಮ ಸಹಪಾಠಿಯು ಹುಡುಗನನ್ನು ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ಹಲಗೆಯ ಮೇಲಿನ ತನ್ನ ಪಾದವನ್ನೇ ನೋಡುತ್ತಿದ್ದನು.

ಅಳತೆ ತೆಗೆಯುವ ಕ್ರಮವನ್ನು ಗೃಹಸ್ಥರಿಗೆ ಉಪಯೋಗವಾಗುವುದೆಂದು ಇಲ್ಲಿ ಬರೆಯುತ್ತೇವೆ. ಮೊದಲು ಕುಳಿತು, ಆಮೇಲೆ ಎದ್ದುನಿಂತು ಅಳೆಯಿಸಬೇಕು. ಮೈಭಾರ ಬಿದ್ದಾಗ ಪಾದ ಹರಡುತ್ತದೆ. ಎರಡು ಪಾದಗಳನ್ನೂ ಅಳೆಯಿಸಬೇಕು. ಎರಡೂ ಒಂದೇ ಸಮನಾಗಿರುವವರು ಕಡಮೆ. ದೊಡ್ಡ ಪಾದಕ್ಕೆ ತಕ್ಕಂತೆ ಕೊಳ್ಳಬೇಕು. ಉದ್ದವಷ್ಟೇ ಅಲ್ಲ, ಬೆರಳುಗಳ ಬುಡದ ಹತ್ತಿರ ಅಗಲವನ್ನೂ ನೋಡಬೇಕು. ನಮ್ಮ ಸಹಪಾಠಿಯ ಬಲಗಾಲು 9ಕ್ಕೆ ಬಂದಿತು, ಎಡಗಾಲು ಅದಕ್ಕಿಂತ ಒಂದು ಎಳೆ ಕಡಮೆ, ಅಗಲವೋ ಹಲಗೆಯ ಕೊನೆಯ ಗೆರೆಗೆ ಮುಟ್ಟಿತು. ಬರಿಗಾಲಿನಲ್ಲಿ ನಡೆದವರ ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತವೆ.

ಈ ಅಗಲದ ವಿಷಯದಲ್ಲಿ ನಮ್ಮ ಸಹಪಾಠಿಯೊಬ್ಬನೇ ಕಷ್ಟಪಟ್ಟವನಲ್ಲ. ಈಗ ಅಂಗಡಿಗಳಲ್ಲಿ ಕಾಣುವ ನಂಬರುಗಳು ಪರದೇಶದಿಂದ ಬಂದವು. ಇಂಗ್ಲಿಷರ ಪದ್ಧತಿಯಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಇರುವ ಅಂತರ ಒಂದು ಬಾರ್ಲಿಯ ಕಾಳಿನ ಉದ್ದ. ಅಂತಹ ಮೂರು ಕಾಳಿಗೆ ಒಂದು ಇಂಚು. ನಮ್ಮ ಪೂರ್ವಿಕರೂ ಅದೇ ಧಾನ್ಯವನ್ನು ಯವವೆಂದು ಕರೆದು, ಎಂಟು ಯವಗಳ ಅಗಲಕ್ಕೆ ಒಂದು ಅಂಗುಲವೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಲೆಕ್ಕವಿಟ್ಟಿದ್ದಾರೆ. ಕಾಳು ಒಂದೇ ಆದರೂ ಕಾಲು ಒಂದೇ ಅಲ್ಲವಷ್ಟೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ಭಾರತೀಯರ ಪಾದಗಳು ಐರೋಪ್ಯರ ಪಾದಗಳಿಗಿಂತ ಅಗಲವೆಂದು ಕಂಡುಕೊಂಡರು. ಭಾರತಕ್ಕೆಂದೇ ‘ಭ’ ಎಂಬ ಹೊಸ ಅಳತೆಯ ಪದ್ಧತಿಯನ್ನು ಸೂಚಿಸಿದರು. ಅಗಲ ಸಾಲದೆಂದು ಜನರು ಒಂದು ನಂಬರು ಉದ್ದವಾದ ಜೋಡನ್ನು ಕೊಳ್ಳುವುದುಂಟು. ಆಗ ಬೆರಳಿಗೆ ಸುಖವಾದರೂ ಹಿಮ್ಮಡಿ ಒಳಗೆ ಜಾರಾಡಿ ಬೊಬ್ಬೆ ಏಳುತ್ತದೆ. ಅಗಲವಾದ ಅಚ್ಚಿನಲ್ಲಿ ಮಾಡಿದ ಜೋಡನ್ನೇ ಕೇಳಿ ತರಿಸಿಕೊಳ್ಳುವುದು ಸರಿಯಾದ ಮಾರ್ಗ. ವಿಶೇಷವಾಗಿ ಇದೇ ವ್ಯಾಪಾರ ಮಾಡುವ ಅಂಗಡಿಗಳಲ್ಲಿ ಅದು ದೊರೆಯುತ್ತದೆ.

ಹುಡುಗನು ಆರು ಜೊತೆಗಳನ್ನು ತಂದು ಮುಂದಿಟ್ಟನು. ಅವುಗಳಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದ ಒಂದು ಜೊತೆ ನಮ್ಮ ಕಣ್ಣಿಗೆ ಬಿದ್ದಿತು. ಇದನ್ನೇ ಕೊಡಿಸೋಣವೆಂದೆವು. ಅದುವರೆಗೆ ಬಾಯಿ ಬಿಡದೆ ಕುಳಿತಿದ್ದ ನಮ್ಮ ಸಹಪಾಠಿಯು ಆ ಬೂಟನ್ನು ಕೈಗೆ ತೆಗೆದುಕೊಂಡನು. ಹೆಬ್ಬೆರಳಿನಿಂದ ಮೇಲಿನ ಚರ್ಮವನ್ನು ಒತ್ತಿದನು, ಮೂಸಿದನು, ನಾಲಗೆಯ ಅಂಚನ್ನು ಮಗುಚಿ ಕತ್ತರಿಸಿದ ಬದಿಯನ್ನು ಬೆಳಕಿಗೆ ಹಿಡಿದನು. “ಇದು ಸೀಳಿದ ತೊಗಲು ಮೇಷ್ಟ್ರೇ. ಮೇಲಿನ ಪದರ ಇಲ್ಲ, ಬಣ್ಣ ಬಳಿದು ಹೊಳಪು ಕೊಟ್ಟವ್ರೆ. ಒತ್ತಿದ್ರೆ ಸಣ್ಣ ಗೆರೆ ಬೀಳಲ್ಲ ನೋಡಿ. ಒಂದು ಮಳೆಗಾಲಕ್ಕೆ ಸುಲೀತದೆ” ಎಂದನು. ಆಮೇಲೆ ಮಂಕಾಗಿ ಕಾಣುತ್ತಿದ್ದ ಇನ್ನೊಂದನ್ನು ಎತ್ತಿ ಒತ್ತಿದನು. ಹೆಬ್ಬೆರಳಿನ ಸುತ್ತ ಮುದುಕರ ಕೈಯ ಚರ್ಮದಂತೆ ಸಣ್ಣ ಸುಕ್ಕುಗಳು ಎದ್ದು, ಬೆರಳು ತೆಗೆದೊಡನೆ ಮಾಯವಾದುವು. “ಇದು ಮೇಲ್ದೊಗಲು. ಅಪ್ಪ ಇದನ್ನೇ ಬೆನ್ನಿನ ಕಡೆಯಿಂದ ಕೊಯ್ತಿದ್ದ. ಹೊಟ್ಟೆ ಕಡೇದು ಹಿಗ್ತದೆ” ಎಂದನು. ಅಂಗಡಿಯ ಯಜಮಾನರು ಕನ್ನಡಕ ಸರಿಮಾಡಿಕೊಂಡು ಎದ್ದು ಬಂದರು.

ಅಲ್ಲಿಂದ ಮುಂದಿನ ಅರ್ಧ ಗಂಟೆ ಆ ಅಂಗಡಿಯಲ್ಲಿ ಮೇಷ್ಟರು ಆತನೇ. ನಾವು ಮಣೆಯ ಮೇಲೆ ಕುಳಿತ ವಿದ್ಯಾರ್ಥಿ. ಅಟ್ಟೆಯನ್ನು ಬಗ್ಗಿಸಿ ತೋರಿಸಿದನು: ಬೆರಳುಗಳ ಬುಡದಲ್ಲಿ ಬಗ್ಗಬೇಕು, ನಡುಪಾದದಲ್ಲಿ ಬಗ್ಗಕೂಡದು. ಬರಿಯ ಅಂಟಿನಿಂದ ಹತ್ತಿಸಿದ ಅಟ್ಟೆಗೂ ಸುತ್ತಲೂ ಹೊಲಿದ ಅಟ್ಟೆಗೂ ಇರುವ ಭೇದವನ್ನು ಉಗುರಿನಿಂದ ತೋರಿಸಿದನು. ಹೊಲಿಗೆಯಾದರೆ ಸವೆದಮೇಲೆ ಬಿಚ್ಚಿ ಬೇರೆ ಅಟ್ಟೆ ಹಾಕಿಸಬಹುದು. ಯಜಮಾನರು ತಲೆದೂಗುತ್ತ, ಬೆಲೆಬಾಳುವ ಬೂಟುಗಳಲ್ಲಿ ಮೇಲಿನ ಚರ್ಮಕ್ಕೂ ಅಟ್ಟೆಗೂ ನಡುವೆ ಒಂದು ಚರ್ಮದ ಪಟ್ಟಿಯನ್ನು ಹೊಲಿದು ಅದಕ್ಕೆ ಅಟ್ಟೆಯನ್ನು ಸೇರಿಸಿರುತ್ತಾರೆಂದೂ, ಅಂತಹವು ಅನೇಕ ಸಲ ಅಟ್ಟೆ ಬದಲಾಯಿಸಿಕೊಂಡು ಬಾಳುತ್ತವೆಂದೂ ಹೇಳಿದರು. ಮಗನು ಹಾಕುವಂತಹ, ಬೆರಳಿನ ಮೇಲೆ ಉಕ್ಕಿನ ಟೊಪ್ಪಿಗೆಯಿರುವ ಬೂಟುಗಳನ್ನೂ ತೋರಿಸಿದರು. ಭಾರತೀಯ ಮಾನಕದ ಗುರುತಿರುವ ಆ ಟೊಪ್ಪಿಗೆಯು 200 ಜೂಲುಗಳ ಪೆಟ್ಟನ್ನು ತಡೆಯಬೇಕಂತೆ. ಎಂದರೆ 20 ಕಿಲೋಗ್ರಾಂ ಭಾರ ಒಂದು ಮೀಟರಿನಷ್ಟು ಎತ್ತರದಿಂದ ಬಿದ್ದಂತೆ. ಕಾರ್ಖಾನೆಗೆ ಅದು ಅವಶ್ಯಕ. ದಿನವೆಲ್ಲ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆಯುವವನಿಗೆ ಅದು ವೃಥಾ ಭಾರ. ಜೋಡು ಕಾಲಿಗೂ ಹೊಂದಬೇಕು, ಕೆಲಸಕ್ಕೂ ಹೊಂದಬೇಕು.

ಕಡೆಗೆ ಆತನು ಆರಿಸಿಕೊಂಡ ಬೂಟನ್ನು ದಪ್ಪ ಕಾಲುಚೀಲದ ಮೇಲೆ ತೊಟ್ಟು ಎದ್ದು ನಿಂತನು. ಹುಡುಗನು ಮುಂಭಾಗವನ್ನು ಒತ್ತಿ, ಉದ್ದವಾದ ಬೆರಳಿಗೂ ಬೂಟಿನ ತುದಿಗೂ ನಡುವೆ ಒಂದು ಹೆಬ್ಬೆರಳಿನಷ್ಟು ಎಡೆಯಿರುವುದನ್ನು ಪರೀಕ್ಷಿಸಿದನು. ಬೆರಳುಗಳು ಒಳಗೆ ಆಡಬೇಕು, ಹಿಮ್ಮಡಿ ಮೇಲಕ್ಕೆ ಏಳಬಾರದು. ಅಂಗಡಿಯ ಮುಂದಿನ ಮೆಟ್ಟಲುಗಳನ್ನು ಹತ್ತಿ ಇಳಿಯೆಂದರು. ಇಳಿಯುವಾಗ ಬೆರಳು ಮುಂದಕ್ಕೆ ಹೋಗಿ ಗುದ್ದಿದರೆ ಆ ಜೋಡು ಬೇಡ. ‘ಹಾಕುತ್ತ ಹಾಕುತ್ತ ಸರಿಹೋಗುತ್ತದೆ’ ಎಂಬ ಮಾತನ್ನು ನಂಬಬೇಡಿರೆಂದು ಯಜಮಾನರೇ ಹೇಳಿದರು. ಚರ್ಮ ಸ್ವಲ್ಪ ಮೆತ್ತಗಾಗುವುದು ನಿಜ. ಆದರೆ ಮೊದಲ ದಿನವೇ ನೋಯಿಸುವ ಜೋಡು ಮೊಳೆಗೇ ಹೋಗುತ್ತದೆ. ಅವರಿಗೆ ನಮ್ಮ ಪಂಪುಮನೆಯ ಮೊಳೆಯ ವಿಷಯ ತಿಳಿದಿರಲಿಲ್ಲ. ನಾವು ತಲೆ ತಗ್ಗಿಸಿದೆವು.

ಬೂಟಿಗೆ 2,400 ರೂಪಾಯಿ. ಕೆಸರು ಮಳೆಗಳ ಕೆಲಸಕ್ಕೆಂದು ಮೊಣಕಾಲಿನವರೆಗೆ ಬರುವ ಗಂಬೂಟು ಬೇರೆ, ಅದಕ್ಕೆ 550. ಅಗ್ಗವಾದುದಲ್ಲ, ನಿಜ. ಆದರೆ ಉಪಾಧ್ಯಾಯರ ಅಭ್ಯಾಸದಂತೆ ಲೆಕ್ಕ ಮಾಡಿ ನೋಡಿದ್ದೇವೆ. 360 ರೂಪಾಯಿಯ ಬೂಟನ್ನು ಆತನು ಹಾಕಿದ್ದು ನಾಲ್ಕು ದಿನ. ದಿನಕ್ಕೆ 90 ರೂಪಾಯಿ ಬಿದ್ದಿತು. 2,400 ರೂಪಾಯಿಯ ಬೂಟು ಇದನ್ನು ಬರೆಯುವ ಹೊತ್ತಿಗೆ ಹೆಚ್ಚು ಕಡಮೆ 240 ದಿನ ನಡೆದಿದೆ. ದಿನಕ್ಕೆ 10 ರೂಪಾಯಿ. ಅಟ್ಟೆ ಇನ್ನೂ ಅರ್ಧವೂ ಸವೆದಿಲ್ಲವಾದ್ದರಿಂದ ಈ ಲೆಕ್ಕ ದಿನೇ ದಿನೇ ಇಳಿಯುತ್ತಿದೆ. ಆಸ್ಪತ್ರೆಯ ಒಂಬತ್ತು ದಿನಗಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅದನ್ನು ರೂಪಾಯಿಗಳಲ್ಲಿ ಬರೆಯಲು ನಮಗೆ ಬಾರದು.

ಜೋಡನ್ನು ಕಾಪಾಡುವುದರಲ್ಲಿಯೂ ಆತನಿಗೆ ತಂದೆಯ ವಿದ್ಯೆಯಿದೆ. ನೆನೆದರೆ ಒಳಗೆ ಹಳೆಯ ಕಾಗದ ತುರುಕಿ ನೆರಳಿನಲ್ಲಿ ಆರಿಸುತ್ತಾನೆ. ಒಲೆಯ ಹತ್ತಿರವಾಗಲಿ ಬಿಸಿಲಿನಲ್ಲಾಗಲಿ ಇಟ್ಟರೆ ತೊಗಲು ಸೆಡೆತು ಬಿರಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದೆರಡು ತೊಟ್ಟು ಹರಳೆಣ್ಣೆಯನ್ನು ಬಟ್ಟೆಗೆ ಹಚ್ಚಿ ಸವರುತ್ತಾನೆ. ಗಂಬೂಟನ್ನು ತೊಡುವ ಮುಂಚೆ ಪ್ರತಿದಿನವೂ ತಲೆಕೆಳಗು ಮಾಡಿ ಕೊಡವುತ್ತಾನೆ. ಚೇಳು ಸೇರಿಕೊಳ್ಳುವುದು ಅಪರೂಪವಲ್ಲ. ಬೂಟು ಹಾಕಿದ ಮಾತ್ರಕ್ಕೆ ಹಾವಿನ ಭಯ ಪೂರ್ತಿ ತೀರಿತೆಂದು ತಿಳಿಯಕೂಡದು. ಗರಿಯನ್ನು ಕೋಲಿನಿಂದ ಸರಿಸಿ ನೋಡಿಯೇ ಎತ್ತಬೇಕು, ಕತ್ತಲಾದಮೇಲೆ ದೀಪವಿಲ್ಲದೆ ತೋಟಕ್ಕೆ ಹೋಗಬಾರದು.

ಬೂಟು ತಂದ ಮರುದಿನ ಬೆಳಿಗ್ಗೆ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಆತನು ಬೂಟು ತೊಟ್ಟು ನಮ್ಮ ಮನೆಯ ಮುಂದೆ ತೋಟದ ಕಡೆಗೆ ಹೋಗುತ್ತಿದ್ದನು. ಜಗಲಿಯ ಮೂಲೆಗೆ ಬಂದೊಡನೆ ಆತನ ಕಾಲು ನಿಂತಿತು. ಬಗ್ಗಿ ಲೇಸಿಗೆ ಕೈ ಹಾಕಿದನು. ಜಗಲಿಯಲ್ಲಿ ನಮ್ಮ ಮೊಮ್ಮಗಳು ಕುಳಿತಿದ್ದಳು. ಅವಳು, “ತಾತ, ಲೇಸು ಬಿಚ್ಚಿಹೋಯ್ತಾ? ನಾನು ಕಟ್ಟಲಾ? ನನಗೆ ಬರುತ್ತೆ” ಎಂದು ಓಡಿಹೋಗಿ, ಕಟ್ಟಿಯೇ ಇದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆತನು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು, ಬೂಟುಗಾಲಿನಲ್ಲಿಯೇ ಮುಂದಕ್ಕೆ ಹೋದನು. ಅಂದಿನಿಂದ ಆತನು ಅಲ್ಲಿ ನಿಲ್ಲುವುದಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದೊಂದು ದಿನ ಕಾಲು ತಡೆಯುತ್ತದೆ. ನಾವು ನೋಡುತ್ತೇವೆ, ಆತನೂ ನಾವು ನೋಡುವುದನ್ನು ನೋಡುತ್ತಾನೆ. ಆಮೇಲೆ ನಡೆದುಹೋಗುತ್ತಾನೆ.

ಆದಕಾರಣ ವಾಚಕಮಹಾಶಯರಲ್ಲಿ ನಮ್ಮ ಬಿನ್ನಹವಿಷ್ಟೆ: ತಮ್ಮ ಮನೆಯಲ್ಲಿ, ಹೊಲದಲ್ಲಿ, ತೋಟದಲ್ಲಿ ದುಡಿಯುವವರಿಗೆ ಜೋಡು ಕೊಡಿಸಬೇಕೆಂಬ ಬುದ್ಧಿ ಬಂದಾಗ, ದಯವಿಟ್ಟು ಜೋಡನ್ನು ಮನೆಗೆ ತರಬೇಡಿರಿ, ಆ ಮನುಷ್ಯರನ್ನು ಅಂಗಡಿಗೆ ಕರೆದೊಯ್ಯಿರಿ. ಬೆಂಚಿನಲ್ಲಿ ಸ್ವಲ್ಪ ಸರಿದು ಕುಳಿತು ಅವರಿಗೂ ಎಡೆ ಮಾಡಿಕೊಡಿರಿ.

ಮೊನ್ನೆ ಸಂಜೆ ನಮ್ಮ ಸಹಪಾಠಿಯು ಜಗಲಿಯ ಕೆಳಗೆ ನಾವು ಬಿಟ್ಟಿದ್ದ ಚಪ್ಪಲಿಗಳನ್ನು ಎತ್ತಿ, ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದನು. “ಇವು ನಿಮ್ಮ ಅಳತೆಯವಲ್ಲ ಮೇಷ್ಟ್ರೇ. ಒಂದು ಬೆರಳು ದೊಡ್ಡವು. ಅದಕ್ಕೇ ನೀವು ಕಾಲೆಳ್ಕೊಂಡು ನಡೀತೀರಿ” ಎಂದನು. ಮೊಣಕಾಲಿನ ನೋವು ವಯಸ್ಸಿನದೆಂದು ನಾವು ಇಷ್ಟು ದಿನ ತಿಳಿದಿದ್ದೆವು. ಮುಂದಿನ ತಿಂಗಳು ತುಮಕೂರಿಗೆ ಹೋಗುವುದೆಂದು ನಿಶ್ಚಯವಾಗಿದೆ. ಈ ಸಲ ಆತನೇ ನಮ್ಮನ್ನು ಕರೆದುಕೊಂಡು ಹೋಗುವನಂತೆ.